ಯಾರ ಅಡುಗೆಮನೆಯಲ್ಲಿ ನಿಮಗೊಂದು ಮಣೆ ಸಿಗುತ್ತದೆ? ಜನಪದ ಕಲೆ ಮತ್ತು ಊಟೋಪಚಾರದ ಇಂಟರ್ನ್‌ಶಿಪ್: ಮುಂಬಯಿಯೋ, ಪುಣೆಯೋ, ಗೋವಾವೋ

ಮಾರ್ಚ್ ಬಂದರೆ ನಮ್ಮ ಡೊಂಬಿವಲಿ ಮನೆಯ ಬೆಲ್ಲು ಸ್ವಲ್ಪ ಹೆಚ್ಚೇ ಹೊಡೆದುಕೊಳ್ಳುತ್ತದೆ. ಎಂ.ಎ. ಓದುವ ಹುಡುಗ ಹುಡುಗಿಯರು, ಕೈಯಲ್ಲಿ ಎರಡು ಮೂರು ಕಡೆಯ ಇಂಟರ್ನ್‌ಶಿಪ್ಪಿನ ಪತ್ರ, ಮುಖದಲ್ಲಿ ಗೊಂದಲ. ಈ ಸಲ ಬಂದವರು ಮೂವರು. ಒಬ್ಬಳು ಘಾಟ್‌ಕೋಪರಿನ ತುಳು ಮನೆಯವಳು. ಒಂದು ಮ್ಯೂಸಿಯಮ್ಮಿಗೆ ಹೋಗಲೋ, ತಮ್ಮವರ ಸಂಘದಲ್ಲೇ ಕೂರಲೋ ಎಂಬ ಚಿಂತೆ. ಇನ್ನೊಬ್ಬ ಪಿಂಪ್ರಿಯಲ್ಲಿ ಬೆಳೆದ ವಿಜಯಪುರದ ಹುಡುಗ, ಪುಣೆ ಬಿಡಲು ಮನಸ್ಸಿಲ್ಲ, ಆದರೆ ಮುಂಬಯಿಯ ಹೆಸರು ಬೇಕು. ಮೂರನೆಯವಳು ಧಾರವಾಡದವಳು, ಕಲೀನಾದ ಹಾಸ್ಟೆಲಿನಲ್ಲಿದ್ದಾಳೆ, ಮನಸ್ಸೆಲ್ಲ ಗೋವಾದಲ್ಲಿ. "ಮೇಡಂ, ಯಾವುದು ಒಳ್ಳೇದು ಅಂತ ಒಂದೇ ಮಾತಿನಲ್ಲಿ ಹೇಳಿಬಿಡಿ" ಅಂದಳು ಅವಳು.

ಒಂದೇ ಮಾತಿನಲ್ಲಿ ಹೇಳಲು ಬರುವುದಿಲ್ಲ. ಅವರಿಗೆ ಚಹಾ ಕೊಟ್ಟು ಎರಡು ಗಂಟೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಅಳತೆಗೋಲು

ಎಲ್ಲರೂ ಮೊದಲು ಕೇಳುವುದು ಸರ್ಟಿಫಿಕೇಟಿನ ಮೇಲೆ ಯಾರ ಮುದ್ರೆ ಇರುತ್ತದೆ ಎಂದು. ನಾನು ಅದನ್ನು ಕೊನೆಗೆ ಇಡುತ್ತೇನೆ. ಮೊದಲಿಗೆ ಭಾಷೆ. "ನನಗೆ ಮರಾಠಿ ಬರುತ್ತದೆ", "ಕೊಂಕಣಿ ಅರ್ಥವಾಗುತ್ತದೆ" ಅನ್ನುವುದು ಸಾಲದು. ಅರವತ್ತು ದಾಟಿದ ಇಬ್ಬರು ಹೆಂಗಸರು ನಿಮ್ಮ ಜೊತೆಗಲ್ಲ, ತಮ್ಮತಮ್ಮೊಳಗೆ ಮಾತಾಡಿಕೊಳ್ಳುವಾಗ ನಿಮಗೆ ಎಷ್ಟು ಹಿಡಿಯುತ್ತದೆ? ಬೈಗುಳ, ಚೇಷ್ಟೆ, ದೇವರ ವಿಷಯ ಬಂದಾಗ ದನಿ ತಗ್ಗುವುದು, ಇದೆಲ್ಲ ಹಿಡಿದರೆ ಆ ಭಾಷೆ ನಿಮ್ಮ ಕೆಲಸಕ್ಕೆ ಸಾಕು. ಇಲ್ಲದಿದ್ದರೆ ನೀವು ತರುವುದು ಅವರು ಹೊರಗಿನವರಿಗೆಂದೇ ಜೋಡಿಸಿಟ್ಟ ಮಾತನ್ನು ಮಾತ್ರ.

ಎರಡನೆಯದು ಪಂಚಾಂಗ. ಕಾಲೇಜಿನ ರಜೆಗೂ ಜನಪದರ ವರ್ಷಕ್ಕೂ ನಂಟಿಲ್ಲ. ಮೇ ತಿಂಗಳು ಬಿಡುವಿದೆ ಎಂದು ಹೋದವರಿಗೆ ಮಾರ್ಗಶಿರದ ಚಂಪಾಷಷ್ಠಿ ಹಬ್ಬ ಸಿಗುವುದಿಲ್ಲ, ತುಳುವರ ಮಳೆಗಾಲದ ತಿಂಗಳಾದ ಆಟಿಯೂ ಸಿಗುವುದಿಲ್ಲ. ನಿಮ್ಮ ಕೈಯಲ್ಲಿರುವ ತಿಂಗಳುಗಳನ್ನು ಮೊದಲು ಬರೆದುಕೊಂಡು ಆಮೇಲೆ ಊರು ಆರಿಸಿ.

ಮೂರನೆಯದು ಗಂಟೆಯ ಲೆಕ್ಕ. ಮಹಾರಾಷ್ಟ್ರದ ವಿಶ್ವವಿದ್ಯಾಲಯಗಳಲ್ಲಿ ಹೊಸ ಪಠ್ಯಕ್ರಮ ಬಂದಮೇಲೆ ಎಂ.ಎ.ಗೆ ಆನ್ ಜಾಬ್ ಟ್ರೇನಿಂಗ್ ಅಥವಾ ಕ್ಷೇತ್ರಕಾರ್ಯ ಎಂದು 4 ಕ್ರೆಡಿಟ್ ಇದೆ, 120 ಗಂಟೆ. ಕೇಳಲಿಕ್ಕೆ ದೊಡ್ಡದು. ಆದರೆ ಒಂದು ಗಂಟೆಯ ಧ್ವನಿಮುದ್ರಣವನ್ನು ಕೇಳಿ ಅಕ್ಷರಕ್ಕೆ ಇಳಿಸಲು ನನಗೆ ಆರೇಳು ಗಂಟೆ ಬೇಕು. ಹಾಡಾದರೆ ಇನ್ನೂ ಹೆಚ್ಚು. ಹತ್ತು ಗಂಟೆ ರೆಕಾರ್ಡ್ ಮಾಡಿದಿರಿ ಎಂದರೆ ಅಲ್ಲಿಗೆ ಎಂಬತ್ತು ಗಂಟೆ ಮುಗಿಯಿತು. ಉಳಿದ ನಲವತ್ತರಲ್ಲಿ ಜನರನ್ನು ಹುಡುಕಬೇಕು, ಅವರು "ನಾಳೆ ಬಾ" ಅಂದಾಗ ನಾಳೆ ಹೋಗಬೇಕು, ಲೋಕಲ್ ಗಾಡಿಯಲ್ಲಿ ನಿಂತುಕೊಳ್ಳಬೇಕು. ಹಾಗಾಗಿ ಓಡಾಟದ ದೂರ ಬರೀ ಖರ್ಚಿನ ಮಾತಲ್ಲ, ಕೆಲಸದ ಗಾತ್ರವನ್ನೇ ಕುಗ್ಗಿಸುವ ಮಾತು.

ನಾಲ್ಕನೆಯದು ದುಡ್ಡು, ಅದನ್ನು ಒಂದೊಂದು ಊರಿನ ಜೊತೆಗೇ ಹೇಳುತ್ತೇನೆ.

ಐದನೆಯದನ್ನು ಯಾರೂ ಕೇಳುವುದಿಲ್ಲ, ನಾನು ಕೇಳಲೇಬೇಕು ಅನ್ನುತ್ತೇನೆ: ನೀವು ತಂದ ದನಿ ಆಮೇಲೆ ಎಲ್ಲಿಗೆ ಹೋಗುತ್ತದೆ? ನಾನು ವಿದ್ಯಾರ್ಥಿನಿಯಾಗಿದ್ದಾಗ ಒಂದು ಸಂಸ್ಥೆಯ ಕೈಕೆಳಗೆ ಬೀಸುವ ಪದಗಳ ಹನ್ನೊಂದು ಕ್ಯಾಸೆಟ್ ತುಂಬಿಸಿಕೊಟ್ಟೆ. ನನ್ನ ಹತ್ತಿರ ಒಂದು ಪ್ರತಿಯೂ ಉಳಿಯಲಿಲ್ಲ, ಕೇಳಬೇಕೆಂದು ಆಗ ಹೊಳೆಯಲಿಲ್ಲ. ಆರು ವರ್ಷದ ಮೇಲೆ ಹಾಡಿದ ಅಜ್ಜಿ ತೀರಿಕೊಂಡರು. ಮೊಮ್ಮಗ ನನ್ನನ್ನು ಹುಡುಕಿಕೊಂಡು ಬಂದು, "ಅಕ್ಕಾ, ಅಜ್ಜಿಯ ದನಿ ನಿಮ್ಮ ಹತ್ರ ಐತಂತಲ್ಲ" ಅಂದ. ಸಂಸ್ಥೆಗೆ ಹೋದರೆ ಕಪಾಟು ಬದಲಾಗಿತ್ತು, ಕಾಗದ ಕಿತ್ತ ಕ್ಯಾಸೆಟ್ಟುಗಳ ಒಂದು ಚೀಲ ತೋರಿಸಿದರು. ಎರಡು ದಿನ ಕೂತು ಕೇಳಿದೆ. ಅಜ್ಜಿ ಅದರಲ್ಲಿ ಇರಲಿಲ್ಲ. ಆ ಹುಡುಗನ ಮುಖ ನೋಡಿ ಹೇಳಿದ್ದು ಇವತ್ತಿಗೂ ಗಂಟಲಲ್ಲಿದೆ. ಅದಕ್ಕೇ ನನ್ನ ತಕ್ಕಡಿಯಲ್ಲಿ ಈ ಕಲ್ಲು ಎಲ್ಲಕ್ಕಿಂತ ಭಾರ: ಹಾಡಿದವರಿಗೆ, ಅಟ್ಟವರಿಗೆ ಅವರ ದನಿಯನ್ನು ತಿರುಗಿ ಒಯ್ದು ಕೊಡಲು ಯಾವ ಜಾಗ ಬಿಡುತ್ತದೋ ಆ ಜಾಗ ಒಳ್ಳೆಯದು.

ಮ್ಯೂಸಿಯಂ: ನೆರಳು ಇದೆ, ದನಿ ಇಲ್ಲ

ಮುಂಬಯಿಯಲ್ಲಿ ಹೆಸರಿರುವ ಮ್ಯೂಸಿಯಮ್ಮುಗಳಿಗೇನೂ ಕಡಿಮೆಯಿಲ್ಲ. ಫೋರ್ಟ್ ಭಾಗದಲ್ಲಿ ಛತ್ರಪತಿ ಶಿವಾಜಿ ಮಹಾರಾಜ್ ವಸ್ತು ಸಂಗ್ರಹಾಲಯವಿದೆ, ಬೈಕಲಾದಲ್ಲಿ 1872ರಲ್ಲಿ ತೆರೆದ ಭಾವು ದಾಜಿ ಲಾಡ್ ಮ್ಯೂಸಿಯಂ ಇದೆ. ಅಲ್ಲಿ ಈ ಊರಿನ ಬೇರೆ ಬೇರೆ ಜಾತಿ, ಕಸುಬಿನವರನ್ನು ಮಣ್ಣಿನ ಗೊಂಬೆ ಮಾಡಿ ಗಾಜಿನೊಳಗೆ ನಿಲ್ಲಿಸಿದ್ದಾರೆ. ಯಾರ ರುಮಾಲು ಹೇಗೆ, ಯಾರ ಸೀರೆಯ ಕಚ್ಚೆ ಹೇಗೆ ಎಂದು ಆ ಕಾಲದ ಸರ್ಕಾರ ಹೇಗೆ ವಿಂಗಡಿಸಿ ನೋಡುತ್ತಿತ್ತೆಂಬುದು ಕಣ್ಣೆದುರು ನಿಲ್ಲುತ್ತದೆ. ಇಂಥ ಕಡೆ ದಾಖಲಾತಿ, ವಸ್ತುವಿಗೆ ಸಂಖ್ಯೆ ಕೊಡುವುದು, ಒಂದು ತಂಬಿಗೆಯ ಬಗ್ಗೆ ಐವತ್ತು ಪದದಲ್ಲಿ ಸರಿಯಾಗಿ ಬರೆಯುವುದು ಕಲಿಯುತ್ತೀರಿ. ಮುಂದೆ ಮ್ಯೂಸಿಯಂ ನೌಕರಿಯೇ ಬೇಕೆಂದಿದ್ದರೆ ಕಣ್ಣು ಮುಚ್ಚಿ ಹೋಗಿ. ಜನರ ಜೊತೆ ಕೆಲಸ ಬೇಕೆಂದಿದ್ದರೆ, ತಂಬಿಗೆಯಲ್ಲಿ ನೀರು ಕುಡಿದವರು ಅಲ್ಲಿ ಸಿಗುವುದಿಲ್ಲ. ಇಷ್ಟು ಸಾಕು.

ವಿಶ್ವವಿದ್ಯಾಲಯದ ವಿಭಾಗ

ಕಲೀನಾ ಕ್ಯಾಂಪಸ್ಸಿನಲ್ಲಿ ಒಂದೇ ಆವರಣದಲ್ಲಿ ಎರಡು ಲೋಕಗಳಿವೆ: ಕನ್ನಡ ವಿಭಾಗ ಮತ್ತು ಲೋಕಕಲಾ ಅಕಾಡೆಮಿ. ಮೊದಲನೆಯದರಲ್ಲಿ ಮುಂಬಯಿ ಕನ್ನಡಿಗರ ಬಗ್ಗೆ ಬರೆದ ಪ್ರಬಂಧಗಳ ರಾಶಿ. ಎರಡನೆಯದರಲ್ಲಿ ಲಾವಣಿ, ಗೋಂಧಳ, ಭಾರೂಡದಂಥ ಮರಾಠಿ ಜನಪದ ಕಲೆಗಳನ್ನು ಮೈಯಲ್ಲೇ ಕಲಿಸುತ್ತಾರೆ. ಇಲ್ಲಿಯ ದೊಡ್ಡ ಲಾಭ ಮಾರ್ಗದರ್ಶಿ. ವಾರಕ್ಕೊಮ್ಮೆ ನಿಮ್ಮ ರೆಕಾರ್ಡಿಂಗ್ ಕೇಳಿ "ಇಲ್ಲಿ ನೀನೇ ಹೆಚ್ಚು ಮಾತಾಡಿದ್ದಿ, ಬಾಯಿ ಮುಚ್ಚಬೇಕಿತ್ತು" ಎಂದು ಹೇಳುವವರು ಬೇರೆ ಕಡೆ ದುರ್ಲಭ. ಕೊರತೆಯೆಂದರೆ ಊಟ. ನಮ್ಮ ವಿಭಾಗಗಳಲ್ಲಿ ಕಥೆ, ಹಾಡು, ಕುಣಿತಕ್ಕೆ ಪಠ್ಯಪತ್ರಿಕೆಗಳಿವೆ. ಅಡುಗೆ ಇನ್ನೂ "ಜನಪದ ಜೀವನ" ಎಂಬ ಅಧ್ಯಾಯದ ಕೊನೆಯ ಪುಟದಲ್ಲಿ ಕೂತಿದೆ. ಊಟದ ಮೇಲೆ ಕೆಲಸ ಮಾಡುತ್ತೇನೆಂದರೆ ಕೆಲವರು ನಗುತ್ತಾರೆ. ನಗಲಿ.

ಮುಂಬಯಿಯ ಸಂಘ: ಸ್ಟೈಪೆಂಡ್ ಇಲ್ಲ, ಹಸಿವೂ ಇಲ್ಲ

ನನ್ನ ಒಲವು ಇರುವುದು ಇಲ್ಲಿ, ಮೊದಲೇ ಹೇಳಿಬಿಡುತ್ತೇನೆ.

ಮುಂಬಯಿಯ ಕನ್ನಡ, ತುಳು ಸಂಘಗಳು ಹಳೆಯವು. ಮೊಗವೀರ ವ್ಯವಸ್ಥಾಪಕ ಮಂಡಳಿ 1902ರದ್ದು, ಮಾಟುಂಗಾದ ಮೈಸೂರು ಅಸೋಸಿಯೇಷನ್ 1926ರದ್ದು. ಕುರ್ಲಾದ ಬಂಟರ ಸಂಘ, ಸಾಂತಾಕ್ರೂಜಿನ ಬಿಲ್ಲವ ಭವನ, ಮಾಹಿಮಿನ ಕರ್ನಾಟಕ ಸಂಘ, ಹೆಸರು ಹೇಳುತ್ತ ಹೋದರೆ ಗಾಡಿಯ ಸ್ಟೇಷನ್ನುಗಳ ಪಟ್ಟಿಯಂತಾಗುತ್ತದೆ. ಹಳೆಯ ಸ್ಮರಣ ಸಂಚಿಕೆ, ವಾರ್ಷಿಕ ವರದಿ, ಮಹಾಸಭೆಯ ಫೋಟೋ ಎಲ್ಲ ಅಲ್ಲಲ್ಲೇ ಬಿದ್ದಿವೆ. ಸಭೆಯ ಊಟದ ಪಟ್ಟಿಯನ್ನು ವರ್ಷವಾರು ಜೋಡಿಸಿದರೆ ಸಾಕು, ಒಂದು ಸಮುದಾಯ ಯಾವಾಗ ಪಾಯಸ ಬಿಟ್ಟು ಐಸ್‌ಕ್ರೀಮಿಗೆ ಬಂತು ಎಂದು ಗೊತ್ತಾಗುತ್ತದೆ.

ಕಾಲ? ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ ತುಳುವರ ಆಟಿ. ಊರಿನಲ್ಲಿ ಅದು ಕಷ್ಟದ ತಿಂಗಳು, ಕಣಜ ಬರಿದಾಗುವ ಹೊತ್ತು. ಕಾಡು, ಬೇಲಿಯ ಸೊಪ್ಪಿನಲ್ಲೇ ಹೊಟ್ಟೆ ಹೊರೆಯಬೇಕಿತ್ತು. ತಗಟೆ ಸೊಪ್ಪು, ಕಣಿಲೆ ಅಂದರೆ ಎಳೆ ಬಿದಿರು, ಕೆಸುವಿನ ಎಲೆಯ ಪತ್ರೊಡೆ. ಮುಂಬಯಿಯಲ್ಲಿ ಅದೇ ತಿಂಗಳು ಸಭಾಭವನದ ಹಬ್ಬವಾಗಿದೆ. ಹಸಿವಿನ ಅಡುಗೆ ಬಫೆಯಾಗಿದೆ. ಇದಕ್ಕಿಂತ ಒಳ್ಳೆಯ ಸಂಶೋಧನೆಯ ವಿಷಯ ಬೇಕೇ? ಊರಿನ ಯಕ್ಷಗಾನ ಮೇಳಗಳು ಮೇ ಕೊನೆಯ ಪತ್ತನಾಜೆಯ ದಿನ ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುವುದರಿಂದ ಮಳೆಗಾಲದಲ್ಲಿ ಭಾಗವತರು, ಅರ್ಥಧಾರಿಗಳು ಇಲ್ಲಿಗೆ ಬರುತ್ತಾರೆ. ವೇಷವಿಲ್ಲದ ತಾಳಮದ್ದಳೆ ಭಾನುವಾರ ಮಧ್ಯಾಹ್ನ ಸಭಾಭವನದೊಳಗೆ, ಊಟ ಅದರ ಹಿಂದಿನ ಅಡುಗೆಕೋಣೆಯಲ್ಲಿ. ಕಲೆ ಒಂದು ಬಾಗಿಲು, ಅನ್ನ ಇನ್ನೊಂದು ಬಾಗಿಲು, ನಡುವೆ ಹತ್ತು ಹೆಜ್ಜೆ.

ಹೋದ ವರ್ಷ ನನ್ನ ಜೊತೆ ಬಂದ ಹುಡುಗಿಯೊಬ್ಬಳ ಕತೆ ಹೇಳುತ್ತೇನೆ. ಮುಲುಂದಿನ ಒಂದು ಮನೆ, ಎಪ್ಪತ್ತರ ಹತ್ತಿರದ ಅಕ್ಕ, ಪತ್ರೊಡೆ. ಊರಿನಲ್ಲಿ ಮಳೆ ಬಿದ್ದಮೇಲೆ ಮರದ ಪೊಟರೆಯಲ್ಲಿ ಚಿಗುರುವ ಮರಕೆಸುವೇ ಶ್ರೇಷ್ಠ. ಇಲ್ಲಿ ಅದೆಲ್ಲಿ? ಅಕ್ಕ ಬಜಾರಿಗೆ ಹೋಗಿ ಭಾಜಿಯವಳ ಹತ್ತಿರ ಕಪ್ಪು ದಂಟಿನ "ವಡಿಚಾ ಅಳು" ಕೇಳಿದರು, ರೈಲು ಹಳಿಯ ಪಕ್ಕ ಬೆಳೆದದ್ದಲ್ಲ ತಾನೇ ಎಂದು ಮರಾಠಿಯಲ್ಲಿ ಎರಡು ಸಲ ಕೇಳಿದರು. ಮನೆಗೆ ಬಂದು ಎಲೆಯ ಬೆನ್ನಿನ ನರವನ್ನು ಚಾಕುವಿನಲ್ಲಿ ಹೆರೆದರು. ನೆನೆಸಿದ ಅಕ್ಕಿ, ಮೆಣಸು, ಕೊತ್ತಂಬರಿ, ಹುಣಸೆ, ಬೆಲ್ಲ. ಹುಡುಗಿ "ಹುಣಸೆ ಎಷ್ಟು?" ಎಂದು ಕೇಳಿದಳು. ಅಕ್ಕ ಹಿಟ್ಟನ್ನು ನಾಲಗೆ ತುದಿಗೆ ಮುಟ್ಟಿಸಿ, ಕಣ್ಣು ಕಿರಿದು ಮಾಡಿ, ಇನ್ನೊಂದು ಚೂರು ಹಿಂಡಿ, "ತುರಿಕೆ ಹೋಗುವಷ್ಟು" ಅಂದರು. ಹುಡುಗಿ ಪುಸ್ತಕದಲ್ಲಿ "ನಿಂಬೆ ಗಾತ್ರ" ಎಂದು ಬರೆದಳು. ಅಲ್ಲೇ ಒಂದು ವಿದ್ಯೆ ಕೈಬಿಟ್ಟುಹೋಯಿತು.

ಅಷ್ಟೇ ಅಲ್ಲ. ಎಲೆ ಸುತ್ತಿ ಹಬೆಗೆ ಇಟ್ಟಾಯಿತು, ರೆಸಿಪಿ ಮುಗಿಯಿತೆಂದು ಅವಳು ರೆಕಾರ್ಡರ್ ಆಫ್ ಮಾಡಿದಳು. ಅಕ್ಕ ಸ್ಟೂಲ್ ಎಳೆದು ಕೂತು, ಕಿಟಕಿಯ ಹೊರಗೆ ಮಳೆ ನೋಡುತ್ತ, ನಾಟಿ ಗದ್ದೆಯ "ಓ ಬೇಲೆ" ಹಾಡು ಗುನುಗಲು ಶುರುಮಾಡಿದರು. ನಾನು ಕಣ್ಣಲ್ಲೇ ಸನ್ನೆ ಮಾಡುತ್ತಿದ್ದೇನೆ, ಇವಳು ವೈರು ಸುತ್ತುತ್ತಿದ್ದಾಳೆ. ಹಬೆ ಬರುವ ಇಪ್ಪತ್ತೈದು ನಿಮಿಷ, ಅಷ್ಟೇ ಹಾಡು. ಎರಡನೇ ಸಲ ಕೇಳಿದಾಗ "ಈಗ ಬರುವುದಿಲ್ಲ ಮಗಾ" ಅಂದುಬಿಟ್ಟರು. ಅಡುಗೆ ಮತ್ತು ಹಾಡನ್ನು ಎರಡು ವಿಷಯ ಎಂದು ಬಗೆಯುವವರಿಗೆ ಹೀಗೆ ಆಗುತ್ತದೆ.

ಇನ್ನು ಹೋಟೆಲು. ಮಾಟುಂಗಾ ಸ್ಟೇಷನ್ನಿನ ಎದುರಿನ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ 1942ರಿಂದ ಬಾಳೆಎಲೆ ಹಾಕುತ್ತಿದೆ. ಹಗಲು ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿ ಕನ್ನಡ ಶಾಲೆಯಲ್ಲಿ ಕಲಿತ ತಲೆಮಾರಿನ ಕೊನೆಯ ಕೊಂಡಿಗಳು ಇನ್ನೂ ಈ ಊರಿನಲ್ಲಿದ್ದಾರೆ. ಅವರನ್ನು ಮಾತಾಡಿಸಲು ಮಧ್ಯಾಹ್ನ ಮೂರರಿಂದ ನಾಲ್ಕೂವರೆಯೇ ಸರಿ. ಊಟದ ಗದ್ದಲ ಇಳಿದು, ಸಂಜೆಯ ದೋಸೆ ಕಲ್ಲು ಕಾಯುವ ಮೊದಲು. ಗಂಡಸರ ಅಡುಗೆಯ ಈ ಲೋಕ ಮನೆಯ ಅಡುಗೆಗಿಂತ ಬೇರೆಯೇ ಭಾಷೆ ಆಡುತ್ತದೆ. ಅಲ್ಲಿ ಹುಣಸೆ ಕಿಲೋದಲ್ಲಿ ಇರುತ್ತದೆ.

ಸಂಘದ ಕಷ್ಟಗಳನ್ನೂ ಹೇಳಬೇಕಲ್ಲ. ಒಂದು, ಪದಾಧಿಕಾರಿಗಳಿಗೆ ನಿಮ್ಮ ವರದಿ ಎಂದರೆ ಸ್ಮರಣ ಸಂಚಿಕೆಯ ಲೇಖನ. ಅಧ್ಯಕ್ಷರ ಫೋಟೋ ಎಲ್ಲಿ ಎಂದು ಕೇಳಿಯೇ ಕೇಳುತ್ತಾರೆ. ಎರಡು, ಒಂದು ಜಾತಿಯ ಸಂಘದ ಬಾಗಿಲಿನಿಂದ ಒಳಹೊಕ್ಕರೆ ಇನ್ನೊಂದರ ಬಾಗಿಲು ತಟ್ಟುವಾಗ ಕೈ ನಡುಗುತ್ತದೆ. ವೇದಿಕೆಯ ಮೇಲೆ ಗಂಡಸರು "ನಮ್ಮ ಪರಂಪರೆ" ಎಂದು ಭಾಷಣ ಮಾಡುತ್ತಿರುತ್ತಾರೆ, ಪರಂಪರೆ ಹಿಂದಿನ ಕೋಣೆಯಲ್ಲಿ ತೆಂಗಿನಕಾಯಿ ತುರಿಯುತ್ತಿರುತ್ತದೆ. ಕೂರಬೇಕಾದ ಜಾಗ ಯಾವುದೆಂದು ನೀವೇ ಅರಿತುಕೊಳ್ಳಬೇಕು. ಮತ್ತೆ ಒಂದು ಎಚ್ಚರ: ಆಟಿ ಅಮಾವಾಸ್ಯೆಯ ಪಾಲೆಮರದ ತೊಗಟೆಯ ಕಷಾಯವನ್ನು ದಾಖಲಿಸಿ, ಬಲ್ಲವರು ಕೊಟ್ಟರೆ ಕುಡಿಯಿರಿ. ರಸ್ತೆಬದಿಯ ಮರ ನೋಡಿ ನೀವೇ ಕೆತ್ತಲು ಹೋಗಬೇಡಿ. ಮರ ತಪ್ಪಿದರೆ ವಿಷ.

ಖರ್ಚಿನ ಮಟ್ಟಿಗೆ, ಮನೆ ಮುಂಬಯಿಯಲ್ಲೇ ಇದ್ದರೆ ಇದರಷ್ಟು ಅಗ್ಗದ್ದು ಬೇರೆ ಇಲ್ಲ: ವಿದ್ಯಾರ್ಥಿ ರಿಯಾಯಿತಿಯ ಪಾಸು ಮತ್ತು ಒಂದು ಕೊಡೆ. ಮನೆ ಇಲ್ಲದವರಿಗೆ ಇದೇ ಅತ್ಯಂತ ದುಬಾರಿ. ಅಂಥವರು ಸಂಬಂಧಿಕರ ಖೋಲಿ ಇದೆಯೇ ಎಂದು ಮೊದಲು ನೋಡಿಕೊಳ್ಳಿ.

ಪುಣೆ: ಓದುವುದಕ್ಕೂ ಓಡಾಡುವುದಕ್ಕೂ

ಪುಣೆಯನ್ನು ನಮ್ಮವರು ಬರೀ ಐಟಿ ಊರು ಎಂದುಕೊಂಡಿದ್ದಾರೆ. ಮಾನವಶಾಸ್ತ್ರಜ್ಞೆ ಇರಾವತಿ ಕರ್ವೆ ಕಲಿಸಿದ ಡೆಕ್ಕನ್ ಕಾಲೇಜು ಅಲ್ಲಿದೆ, ನಮ್ಮ ಮೈಲಾರನೇ ಆದ ಖಂಡೋಬಾನ ಹಿಂದೆ ಹೋಗಿ ಜೀವಮಾನ ಕಳೆದ ಜರ್ಮನ್ ವಿದ್ವಾಂಸ ಗುಂಥರ್ ಸೊಂಥೈಮರ್ ನೆಲೆ ಮಾಡಿಕೊಂಡದ್ದು ಅಲ್ಲೇ, ವಿಠ್ಠಲನ ಕನ್ನಡ ಬೇರುಗಳನ್ನು ಮರಾಠಿಯಲ್ಲಿ ಬರೆದು ತೋರಿಸಿದ ರಾ. ಚಿಂ. ಢೇರೆ ಅಲ್ಲಿಯವರೇ. ಹೇಮಾ ರಾಯರ್ಕರ್ ಮತ್ತು ಗೀ ಪ್ವಾತ್ವಾಂ ಎಂಬ ಇಬ್ಬರು ಮಹಾರಾಷ್ಟ್ರದ ಹಳ್ಳಿಗಳ ಬೀಸುವ ಪದಗಳನ್ನು ಕೂಡಿಸಿದ ಕೆಲಸವೂ ಪುಣೆಯಿಂದಲೇ ನಡೆದದ್ದು. ಒಂದು ಲಕ್ಷಕ್ಕೂ ಮೀರಿದ ಪದಗಳು ಈಗ 'ಪರಿ' ಎಂಬ ಗ್ರಾಮೀಣ ಭಾರತದ ಜಾಲಸಂಗ್ರಹದಲ್ಲಿವೆ, ಹಾಡಿದವರ ಹೆಸರು, ಊರಿನ ಸಮೇತ. ಹಾಡಿದವಳ ಹೆಸರಿಲ್ಲದ ಹಾಡು ಕದ್ದ ಮಾಲು ಎಂದು ನಾನು ನಂಬಿದ್ದೇನೆ, ಹಾಗಾಗಿ ಅದನ್ನು ನೋಡಿ ಹೊಟ್ಟೆ ತಣ್ಣಗಾಯಿತು. ಪರಿ ಕನ್ನಡದಲ್ಲೂ ಪ್ರಕಟಿಸುತ್ತದೆ. ಬರೆಯುವ ಕೈ ಇರುವವರು ಅಲ್ಲಿಯ ಇಂಟರ್ನ್‌ಶಿಪ್ಪನ್ನೂ ವಿಚಾರಿಸಬಹುದು, ಅದಕ್ಕೆ ಊರು ಬಿಡಬೇಕೆಂದೇನೂ ಇಲ್ಲ.

ವಸ್ತು ಬೇಕಾದವರಿಗೆ ಬಾಜಿರಾವ್ ರಸ್ತೆಯ ರಾಜಾ ದಿನಕರ ಕೇಳ್ಕರ್ ಮ್ಯೂಸಿಯಂ. ಮ್ಯೂಸಿಯಂ ಬಗ್ಗೆ ಮೇಲೆ ಹಗುರವಾಗಿ ಮಾತಾಡಿದೆನಲ್ಲ, ಇದಕ್ಕೆ ವಿನಾಯಿತಿ. ಒಬ್ಬ ಮನುಷ್ಯ ತೀರಿಹೋದ ಮಗನ ನೆನಪಿಗೆ ಊರೂರು ಅಲೆದು ತಂದ ಅಡಕೊತ್ತು, ದೀಪ, ಒಲೆಮನೆಯ ಪಾತ್ರೆಗಳು. ಒಂದು ಅಡಕೊತ್ತಿನ ಹಿಡಿ ನೋಡುತ್ತ ನಾನು ಅರ್ಧ ದಿನ ಕಳೆದಿದ್ದೇನೆ.

ಆದರೆ ಪುಣೆ ಆರಿಸುವುದಕ್ಕೆ ನಿಜವಾದ ಕಾರಣ ಜೇಜುರಿ, ಖಂಡೋಬಾನ ಬೆಟ್ಟ. ಪುಣೆಯಿಂದ ಸುಮಾರು 50 ಕಿ.ಮೀ., ಮಿರಜ್ ಕಡೆಯ ರೈಲು ಅಲ್ಲಿ ನಿಲ್ಲುತ್ತದೆ. ಬೆಟ್ಟ ಹತ್ತುವಾಗ "ಯಳಕೋಟ ಯಳಕೋಟ ಜಯ ಮಲ್ಹಾರ" ಎಂದು ಕೂಗುತ್ತ ಅರಿಶಿನದ ಭಂಡಾರ ತೂರುತ್ತಾರೆ. ಮರಾಠಿಗರನ್ನು ಯಳಕೋಟ ಎಂದರೇನು ಎಂದು ಕೇಳಿ, ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ವಿಜಯಪುರ, ಹಾವೇರಿಯ ಕಡೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ: ಮೈಲಾರನ ಜಾತ್ರೆಯ "ಏಳುಕೋಟಿ ಏಳುಕೋಟಿಗೋ" ಕಿವಿಯಲ್ಲೇ ಇದೆ. ಮೈಲಾರನ ಭಕ್ತನಾದ ನಮ್ಮ ಗೊರವನ ಕೈಯ ಭಿಕ್ಷೆಯ ದೋಣಿ ಅಲ್ಲಿ ಖಂಡೋಬಾನ ಭಕ್ತನಾದ ವಾಘ್ಯಾನ ಕೈಯ ಕೋಟಂಬಾ. ಎರಡರಲ್ಲೂ ದೇವರ ಹೆಸರಲ್ಲಿ ಅನ್ನ ಬೀಳುತ್ತದೆ, ಎರಡರ ಮುಂದೆಯೂ ಹಾಡು ಹುಟ್ಟುತ್ತದೆ. ಮೈಲಾರನ ಹೆಂಡಿರಾದ ನಮ್ಮ ಗಂಗಿಮಾಳವ್ವ, ಕುರುಬತ್ತೆವ್ವ ಅಲ್ಲಿ ಮ್ಹಾಳ್ಸಾ, ಬಾಣಾಯಿ. ಮ್ಹಾಳ್ಸಾ ಲಿಂಗಾಯತ ವರ್ತಕನ ಮಗಳು, ಬಾಣಾಯಿ ಕುರಿ ಕಾಯುವ ಧನಗರರ ಹುಡುಗಿ. ಸವತಿಯರ ಜಗಳದ ಹಾಡುಗಳಲ್ಲಿ ಯಾರ ಮನೆಯ ಊಟ ಏನೆಂಬುದನ್ನು ಹುಡುಕುತ್ತ ಹೋಗಿ, ನಿಮ್ಮ ವಿಷಯ ತಾನೇ ಎದ್ದು ನಿಲ್ಲುತ್ತದೆ. ಮಾರ್ಗಶಿರದ ಚಂಪಾಷಷ್ಠಿಗೆ ಸುಟ್ಟ ಬದನೆಕಾಯಿಯ ಭರೀತು ಮತ್ತು ರೋಡಗೆ ಎಂಬ ರೊಟ್ಟಿ ನೈವೇದ್ಯ. ಎಷ್ಟೋ ಮನೆಗಳಲ್ಲಿ ಚಾತುರ್ಮಾಸದ ನಾಲ್ಕು ತಿಂಗಳು ಬದನೆ, ಈರುಳ್ಳಿ ಬಿಟ್ಟು, ಆ ದಿನ ಮತ್ತೆ ಬಾಯಿಗಿಡುತ್ತಾರೆ.

ಪಿಂಪ್ರಿಯ ಹುಡುಗನಿಗೆ ಇದನ್ನೇ ಹೇಳಿದೆ. ಅವನ ಕಿವಿಗೆ ಎರಡು ಭಾಷೆಯೂ ತಾಯಿಭಾಷೆಯಷ್ಟೇ ಹತ್ತಿರ. ಜೇಜುರಿಯ ಜಾತ್ರೆಯಲ್ಲಿ ಕರ್ನಾಟಕದಿಂದ ಬಂದ ಗಾಡಿಯವರ ಪಕ್ಕ ಕೂತರೆ ಕನ್ನಡ, ಆಚೆ ತಿರುಗಿದರೆ ಧನಗರರ ಮರಾಠಿ. ಇಂಥ ಕಿವಿ ಇಟ್ಟುಕೊಂಡು ಮುಂಬಯಿಗೆ ಬಂದು ಏನು ಮಾಡುತ್ತಾನೆ?

ತೊಡಕು ಕಾಲದ್ದು. ಮಾರ್ಗಶಿರ ಬರುವುದು ನವೆಂಬರ್-ಡಿಸೆಂಬರಿನಲ್ಲಿ, ಪರೀಕ್ಷೆಯ ಬಾಯಿಗೆ. ಜೂನ್-ಜುಲೈಯಲ್ಲಿ ಆಳಂದಿಯ ಜ್ಞಾನೇಶ್ವರ ಪಾಲಕಿ ಸಾಸವಡ, ಜೇಜುರಿ ಹಾದು ಪಂಢರಪುರಕ್ಕೆ ಹೋಗುತ್ತದೆ. ರಜೆಯಲ್ಲಿ ಹೋಗುವವರಿಗೆ ಅದೇ ಗತಿ, ಅದೂ ಸಣ್ಣ ಗತಿಯಲ್ಲ. ಸಾವಿರಾರು ಜನಕ್ಕೆ ದಾರಿಯಲ್ಲಿ ಯಾರು ಅಡುಗೆ ಮಾಡುತ್ತಾರೆ ಎಂಬುದೊಂದೇ 120 ಗಂಟೆಗೆ ಸಾಲುವಷ್ಟಿದೆ. ಇನ್ನೊಂದು ಮಾತು: ಮುರಳಿಯರನ್ನು ಮಾತಾಡಿಸುವಾಗ ಕ್ಯಾಮೆರಾ ಚೀಲದಲ್ಲೇ ಇರಲಿ. ದೇವರಿಗೆ ಬಿಟ್ಟ ಹೆಣ್ಣುಮಕ್ಕಳ ಬದುಕಿನಲ್ಲಿ ಕಾನೂನು, ಅವಮಾನ, ಹೊಟ್ಟೆಪಾಡು ಎಲ್ಲ ಸಿಕ್ಕಿಕೊಂಡಿವೆ. ಮಾರ್ಗದರ್ಶಿ ಇಲ್ಲದೆ ಆ ಕಡೆ ಹೋಗಲೇಬೇಡಿ.

ಪುಣೆಯಲ್ಲಿ ವಾಸಕ್ಕೆ ಕಾಟ್ ಬೇಸಿಸ್ ಸಿಗುತ್ತದೆ, ಅಂದರೆ ಕೋಣೆಯಲ್ಲ, ಮಂಚ ಮಾತ್ರ ನಿಮ್ಮದು. ಮುಂಬಯಿಗಿಂತ ಅಗ್ಗ. ಮಂಚದ ಕೆಳಗೆ ರೆಕಾರ್ಡರ್ ಇಡಬೇಡಿ, ಬೀಗದ ಪೆಟ್ಟಿಗೆ ಕೊಂಡುಕೊಳ್ಳಿ.

ಗೋವಾ: ಅಂದ ನೋಡಿ ಹೋಗಬೇಡಿ

ಗೋವಾ ಎಂದೊಡನೆ ಕಣ್ಣು ಅರಳಿಸುವವರಿಗೆ ಮೊದಲ ಪ್ರಶ್ನೆ: ಕೊಂಕಣಿ ಬರುತ್ತದೆಯೇ? ಬಂದರೆ ಸ್ವರ್ಗ. ಪುಷ್ಯ ಮಾಸದ ಸುಮಾರಿಗೆ ಹೆಂಗಸರ ಧಾಲೋ ಕುಣಿತ, ಫಾಲ್ಗುಣದಲ್ಲಿ ಶಿಗ್ಮೊ ಹಬ್ಬ, ಗಾವಡೆ ಬುಡಕಟ್ಟಿನವರ ಝಾಗರ ಎಂಬ ಆಟ. ಬಾಣಾವಲಿಯಲ್ಲಿ ವಿಕ್ಟರ್ ಹ್ಯೂಗೋ ಗೋಮ್ಸ್ ಕಟ್ಟಿದ ಗೋವಾ ಚಿತ್ರ ಮ್ಯೂಸಿಯಮ್ಮಿನಲ್ಲಿ ನೇಗಿಲು, ಒರಳು, ಗಾಣ ಎಲ್ಲ ಸಾಲಾಗಿ ನಿಂತಿವೆ. ಪರ್ವರಿಯಲ್ಲಿ ಜೆಸ್ಯೂಟ್ ಪಾದ್ರಿಗಳ ಝೇವಿಯರ್ ಇತಿಹಾಸ ಸಂಶೋಧನ ಕೇಂದ್ರದ ಗ್ರಂಥಾಲಯ, ತಾಳೆಗಾಂವ್ ಗುಡ್ಡದ ಮೇಲೆ 1985ರ ಗೋವಾ ವಿಶ್ವವಿದ್ಯಾಲಯ.

ಬೇಸಿಗೆ ರಜೆ ಮಾತ್ರ ಇರುವವರಿಗೆ ಮೂರು ಊರುಗಳಲ್ಲಿ ಪಂಚಾಂಗ ಹೊಂದುವುದು ಗೋವಾದಲ್ಲೇ. ಮಾರ್ಚಿನಿಂದ ಮೇವರೆಗೆ ಗೇರುಹಣ್ಣು ತುಳಿದು, ರಸ ಭಟ್ಟಿ ಇಳಿಸಿ ಉರ್ರಾಕು, ಅದನ್ನು ಮತ್ತೆ ಭಟ್ಟಿ ಇಳಿಸಿ ಫೆನಿ. ಗೇರಿನ ಫೆನಿಗೆ 2009ರಲ್ಲೇ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಮೇ ಕೊನೆ, ಜೂನ್ ಮೊದಲಿಗೆ ಮಡಗಾಂವಿನಲ್ಲಿ ಪುರುಮೆಂತದ ಪೇಟೆ: ಮಳೆಗಾಲಕ್ಕೆಂದು ಒಣಮೀನು, ಮೆಣಸು, ಬಿರಿಂಡಾ ಅಂದರೆ ಪುನರ್ಪುಳಿ ಸಿಪ್ಪೆ, ಉಪ್ಪು ಕೊಂಡು ಅಟ್ಟಕ್ಕೇರಿಸುವ ಕಾಲ. ನಮ್ಮ ಕರಾವಳಿಯ ಅಜ್ಜಿ ಹಪ್ಪಳ ಒಣಗಿಸುವ ಅದೇ ವಾರ. ಆಗಸ್ಟಿನ ಪಾತೊಳ್ಯೊ ಎಂದರೆ ನಮ್ಮ ಅರಿಶಿನ ಎಲೆಯ ಕಡುಬೇ. ಉಗಿ ಬರುವಾಗ ಕಣ್ಣು ಮುಚ್ಚಿಕೊಂಡರೆ ಅವರ ಮನೆಯೋ ನಮ್ಮ ಮನೆಯೋ ಎಂದು ಗುರುತು ಸಿಗದು.

ಕೊಂಕಣಿ ಬರದಿದ್ದರೆ? ಧಾರವಾಡದ ಹುಡುಗಿಗೆ ಬರುವುದಿಲ್ಲ. ಅವಳಿಗೆ ಹೇಳಿದೆ: ನಿನ್ನ ಗೋವಾ ಬೇರೆ. ಅದು ಝುವಾರಿನಗರ, ವಾಸ್ಕೊ, ಮಾಪುಸಾದ ಶುಕ್ರವಾರದ ಸಂತೆ. ವಿಜಯಪುರ, ಬಾಗಲಕೋಟೆ, ಗದಗ, ಹಾವೇರಿಯಿಂದ ಬಂದು ಗೋವಾದ ಮನೆ ಕಟ್ಟಿದವರು, ಮೀನು ಹೊತ್ತವರು, ಕಲಂಗೂಟಿನ ಮರಳಲ್ಲಿ ಕನ್ನಡಿ ಕಸೂತಿಯ ಚೀಲ ಮಾರುವ ಲಂಬಾಣಿ ಹೆಂಗಸರು. ಒಂದು ತಗಡಿನ ಮನೆಯಲ್ಲಿ ಜೋಳದ ರೊಟ್ಟಿ ಬಡಿಯುವ ಸದ್ದು ಕೇಳಿದರೆ ಸಾಕು, ನಿನ್ನ ಭಾಷೆ ಶುರು. ಊರಿನ ಜೋಳ ಇಲ್ಲಿಗೆ ಹೇಗೆ ಬರುತ್ತದೆ, ಯಾವ ಬಸ್ಸಿನ ಡ್ರೈವರ್ ತರುತ್ತಾನೆ, ಹೊಸ ಪೀಳಿಗೆ ರೊಟ್ಟಿಯ ಬದಲು ಬ್ರೆಡ್ಡು ಮಾರುವ ಪೊದೇರನ ಪೊಯ್ ತಿನ್ನುವುದು ಯಾವಾಗಿನಿಂದ, ಸೋಬಾನೆ ಪದ ಮದುವೆಗೆ ಊರಿಗೇ ಹೋಗಿ ಹಾಡಬೇಕೋ ಇಲ್ಲೂ ಹಾಡುತ್ತಾರೋ.

ಆದರೆ ಇಲ್ಲಿ ಕೆಲಸ ಮೆತ್ತಗೆ ಮಾಡಬೇಕು. ಇವರನ್ನು ಅಲ್ಲಿ "ಘಾಟಿ", ಅಂದರೆ ಘಟ್ಟದವರು, ಎಂದು ಹಂಗಿಸುವುದುಂಟು. 2004ರಲ್ಲಿ ವಾಸ್ಕೊದ ಬೈನಾದಲ್ಲಿ ಗುಡಿಸಲುಗಳನ್ನು ಕೆಡವಿದ್ದನ್ನು ಯಾರೂ ಮರೆತಿಲ್ಲ. ನೀವು ಫೋನ್ ಎತ್ತಿ ಮನೆಯ ಚಿತ್ರ ತೆಗೆದರೆ ಅವರಿಗೆ ಕಾಣುವುದು ಸಂಶೋಧನೆಯಲ್ಲ, ಸರ್ವೆ. ಮೊದಲ ವಾರ ಏನನ್ನೂ ರೆಕಾರ್ಡ್ ಮಾಡಬೇಡಿ. ರೊಟ್ಟಿ ತಟ್ಟಲು ಬಂದರೆ ತಟ್ಟಿ, ಬಾರದಿದ್ದರೆ ಅವರು ನಗುವಂತೆ ತಟ್ಟಿ. ಎರಡನೆಯದು ಹೆಚ್ಚು ಕೆಲಸಕ್ಕೆ ಬರುತ್ತದೆ. ಲಂಬಾಣಿಗರ ಮನೆಮಾತು ಗೋರ್ ಬೋಲಿ, ಕನ್ನಡ ಅವರಿಗೆ ಎರಡನೆಯದು ಎಂಬುದೂ ನೆನಪಿರಲಿ.

ಖರ್ಚು: ನವೆಂಬರಿನಿಂದ ಫೆಬ್ರವರಿವರೆಗೆ ಪ್ರವಾಸಿಗರ ಬಾಡಿಗೆ, ಹತ್ತಿರ ಹೋಗುವಂತಿಲ್ಲ. ಮಳೆಗಾಲದಲ್ಲಿ ಇಳಿಯುತ್ತದೆ. ಸಂಜೆಯಾದರೆ ಹಳ್ಳಿಯ ಬಸ್ಸು ನಿಲ್ಲುತ್ತದೆ, ಸ್ಕೂಟರ್ ಬಾರದವರಿಗೆ ಅರ್ಧ ಗೋವಾ ಮುಚ್ಚಿದಂತೆ.

ಕೈಯಲ್ಲಿ ಕಾಸು ಎಷ್ಟಿದ್ದರೆ ಏನು

ಸ್ಟೈಪೆಂಡ್ ಇಲ್ಲದೆ ಆಗುವುದೇ ಇಲ್ಲ ಎನ್ನುವವರು ಮ್ಯೂಸಿಯಂ ಅಥವಾ ಯಾವುದಾದರೂ ಯೋಜನೆಯ ಕೆಲಸವನ್ನೇ ಹಿಡಿಯಿರಿ, ನಾಚಿಕೆ ಬೇಡ, ಭಾನುವಾರ ನಿಮ್ಮದೇ. ಕಲೆಯನ್ನು ಸ್ವತಃ ಕಲಿಯುತ್ತಿರುವವರು, 18ರಿಂದ 25ರೊಳಗಿನವರು, ಕೇಂದ್ರ ಸಂಸ್ಕೃತಿ ಸಚಿವಾಲಯದ ಯುವ ಕಲಾವಿದರ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಬಹುದು: ತಿಂಗಳಿಗೆ 5,000 ರೂ., ಎರಡು ವರ್ಷ. ಜನಪದ ಕಲೆಗಳೂ ಅದರಲ್ಲಿವೆ. 25 ದಾಟಿದವರಿಗೆ ಅದೇ ಸಚಿವಾಲಯದ ಜೂನಿಯರ್ ಫೆಲೋಶಿಪ್, ತಿಂಗಳಿಗೆ 10,000. ಇಂಟರ್ನ್‌ಶಿಪ್ಪಿನಲ್ಲಿ ಒಳ್ಳೆಯ ಹತ್ತು ಗಂಟೆ ದನಿ ಕೂಡಿಸಿಟ್ಟುಕೊಂಡವರಿಗೆ ಅರ್ಜಿ ಬರೆಯುವುದು ಸುಲಭ.

ಎಲ್ಲಿಗೆ ಹೋದರೂ ಒಪ್ಪುವ ಮೊದಲು ಫೋನಿನಲ್ಲಿ ಮೂರು ಮಾತು ಕೇಳಿ. ವಾರಕ್ಕೊಮ್ಮೆ ನನ್ನ ರೆಕಾರ್ಡಿಂಗ್ ಯಾರು ಕೇಳುತ್ತಾರೆ? ಒಂದು ಪ್ರತಿ ನನಗೂ, ಒಂದು ಹಾಡಿದವರಿಗೂ ಕೊಡಬಹುದೇ, ಅದನ್ನು ಪತ್ರದಲ್ಲಿ ಬರೆದುಕೊಡುತ್ತೀರಾ? ಹಾಡಿದವರಿಗೆ, ಅಡುಗೆ ಮಾಡಿ ತೋರಿಸಿದವರಿಗೆ ಏನಾದರೂ ಕೊಡಲು ನಿಮ್ಮಲ್ಲಿ ಹಣವಿದೆಯೇ, ಅಥವಾ ಆ ಪತ್ರೊಡೆಯ ಅಕ್ಕಿಯೂ ಅವರದ್ದೇನಾ? ಎರಡನೇ ಪ್ರಶ್ನೆಗೆ "ಅದೆಲ್ಲ ಆಮೇಲೆ ನೋಡೋಣ" ಅಂದರೆ ಫೋನ್ ಇಡಿ. ಹನ್ನೊಂದು ಕ್ಯಾಸೆಟ್ಟಿನ ಮಾತು ಇದು.

ಘಾಟ್‌ಕೋಪರಿನ ಹುಡುಗಿ ಸಂಘವನ್ನೇ ಆರಿಸಿದ್ದಾಳೆ, ಜುಲೈ ಹದಿನೈದರಿಂದ. ಧಾರವಾಡದವಳು ಮೇಯಲ್ಲಿ ವಾಸ್ಕೊಗೆ ಹೋಗುತ್ತಾಳೆ, ಈಗ ಸ್ಕೂಟರ್ ಕಲಿಯುತ್ತಿದ್ದಾಳೆ. ಪಿಂಪ್ರಿಯ ಹುಡುಗ ಇನ್ನೂ ಏನೂ ಹೇಳಿಲ್ಲ. ಮೊನ್ನೆ ರಾತ್ರಿ ಮಾತ್ರ ಒಂದು ಧ್ವನಿ ಸಂದೇಶ ಕಳಿಸಿದ್ದ: ಅವರ ಅಜ್ಜಿ ಮೈಲಾರನ ಹಾಡು ಹೇಳುತ್ತಿದ್ದಾರೆ, ಹಿಂದೆ ಕುಕ್ಕರ್ ಸೀಟಿ. ಸೀಟಿಗೆ ಕ್ಷಮೆ ಕೇಳಿದ್ದ. ಅದನ್ನು ಕತ್ತರಿಸಬೇಡ ಎಂದು ಉತ್ತರ ಬರೆದೆ.